ನೌವೂ ತೋಟಗಳ ಹಿರಿಯ ದಂಪತಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಇಲಿನಾಯ್ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ಮಿಸಿಸಿಪ್ಪಿ ನದಿ ಅರ್ಧಚಂದ್ರದ ಹಾಗೆ ಬಾಗುವ ಕಡೆ, ನೌವೂ ಎಂಬ ಊರಿದೆ. ಇವತ್ತು ಅಲ್ಲಿರುವುದು ಸಾವಿರದ ಆಸುಪಾಸು ಜನ. ಶಿಕಾಗೊ, ಸೇಂಟ್ ಲೂಯಿಸ್, ಅಯೋವಾ ಕಡೆಯ ಕನ್ನಡಿಗರು ಬೇಸಿಗೆ ರಜೆಯಲ್ಲಿ ಊರಿಂದ ಬಂದ ಅಪ್ಪ-ಅಮ್ಮನನ್ನು ಕೂರಿಸಿಕೊಂಡು ಒಮ್ಮೆ ಅತ್ತ ಹೋಗಿಬರುವುದುಂಟು. ಹೋದವರ ಕಣ್ಣಿಗೆ ಮೊದಲು ಬೀಳುವುದು ಇಟ್ಟಿಗೆ ಮನೆಗಳಲ್ಲ, ಆ ಮನೆಗಳ ಸುತ್ತ ಮಂಡಿಯೂರಿ ಕೆಲಸ ಮಾಡುತ್ತಿರುವ ತಲೆ ನರೆತ ಗಂಡ-ಹೆಂಡತಿಯರು. ಅವರ ಬಗ್ಗೆ ಜನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಇವರು ಯಾರು? ತೋಟದ ಕೆಲಸದವರಾ?

ಅಲ್ಲ. ಇವರು ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್ ಸಭೆಯ ಹಿರಿಯ ಮಿಷನರಿಗಳು. ಜನ ಬಾಯಿಮಾತಿಗೆ ‘ಮಾರ್ಮನ್ನರು’ ಅನ್ನುತ್ತಾರೆ. ಆ ಹೆಸರು ಬೇಡ, ಪೂರ್ತಿ ಹೆಸರನ್ನೇ ಬಳಸಿ ಎಂದು ಸಭೆ 2018ರಿಂದ ಒತ್ತಿ ಹೇಳುತ್ತಿದೆ. ಮಿಷನರಿ ಅಂದರೆ ನಮಗೆ ನೆನಪಾಗುವುದು ಬಿಳಿ ಅಂಗಿ, ಟೈ ತೊಟ್ಟು ಜೋಡಿಯಾಗಿ ಮನೆಮನೆ ಸುತ್ತುವ ಹುಡುಗರು. ಅವರೂ ಈ ಸಭೆಯವರೇ. ಆದರೆ ಕೆಲಸದಿಂದ ನಿವೃತ್ತರಾಗಿ, ಮಕ್ಕಳ ಜವಾಬ್ದಾರಿ ಮುಗಿಸಿದ ದಂಪತಿಗಳೂ ಮಿಷನ್‌ಗೆ ಹೋಗಬಹುದು. ಅವರ ಕೆಲಸ ಬೇರೆ ಬೇರೆ: ಕೆಲವರು ಕಚೇರಿ ನೋಡಿಕೊಳ್ಳುತ್ತಾರೆ, ಕೆಲವರು ವಂಶಾವಳಿಯ ದಾಖಲೆ ಹುಡುಕುತ್ತಾರೆ, ಕೆಲವರು ಪರಿಹಾರ ಕಾರ್ಯಕ್ಕೆ ಹೋಗುತ್ತಾರೆ. ನೌವೂನಂಥ ಐತಿಹಾಸಿಕ ಊರಿಗೆ ಬಂದವರಲ್ಲಿ ಒಂದು ಪಾಲು ಜನರಿಗೆ ಸಿಗುವುದು ಅಂಗಳ, ಹೂದೋಟ, ಹುಲ್ಲುಹಾಸು.

ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಇರುತ್ತದೆ. ಗಂಡಸರನ್ನು ‘ಎಲ್ಡರ್’, ಹೆಂಗಸರನ್ನು ‘ಸಿಸ್ಟರ್’ ಎಂದು ಮನೆತನದ ಹೆಸರು ಸೇರಿಸಿ ಕರೆಯುತ್ತಾರೆ. ಗಂಡ-ಹೆಂಡತಿ ಕೂಡ ಬೇರೆಯವರ ಎದುರು ಒಬ್ಬರನ್ನೊಬ್ಬರು ಹಾಗೇ ಕರೆಯುವುದನ್ನು ಕೇಳಿದರೆ, ನಮ್ಮ ಕಡೆ ಹಿಂದೆ ‘ಇವರು’, ‘ನಮ್ಮನೆಯವರು’ ಅನ್ನುತ್ತಿದ್ದವರಿಗೆ ಏನೂ ವಿಚಿತ್ರ ಅನ್ನಿಸುವುದಿಲ್ಲ.

ಅಷ್ಟು ಜತನ ಮಾಡುವಂಥದ್ದು ಆ ಊರಲ್ಲಿ ಏನಿದೆ?

1839ರಲ್ಲಿ ಮಿಸೂರಿಯಿಂದ ಓಡಿಸಲ್ಪಟ್ಟ ಈ ಸಭೆಯ ಜನ ಇಲ್ಲಿಗೆ ಬಂದು ನೆಲೆಸಿದರು. ಆಗ ಈ ಜಾಗದ ಹೆಸರು ಕಾಮರ್ಸ್. ನದಿಯಂಚಿನ ತಗ್ಗು ಪೂರ್ತಿ ಜೌಗು. ಮೊದಲ ಬೇಸಿಗೆಗಳಲ್ಲಿ ಮಲೇರಿಯಾ ಹಿಡಿದು ಮನೆಗೊಬ್ಬರಂತೆ ಮಲಗಿದರು. ಕಾಲುವೆ ತೋಡಿ ನೀರು ಬಸಿದು, ಊರು ಕಟ್ಟಿದರು. ನಾಲ್ಕೈದು ವರ್ಷದಲ್ಲಿ ಜನಸಂಖ್ಯೆ ಸುಮಾರು 12 ಸಾವಿರ ಮುಟ್ಟಿತು.

ಬೆಳೆದಷ್ಟೇ ಬೇಗ ಕುಸಿಯಿತು. ಸಂಸ್ಥಾಪಕ ಜೋಸೆಫ್ ಸ್ಮಿತ್ ಕೈಯಲ್ಲಿ ಸಭೆ, ನಗರಾಡಳಿತ, ಊರ ಸೇನೆ ಎಲ್ಲವೂ ಇದ್ದದ್ದು ಸುತ್ತಲಿನವರ ಕಣ್ಣು ಕೆಂಪಾಗಿಸಿತ್ತು. ಒಳಗೊಳಗೇ ನಡೆಯುತ್ತಿದ್ದ ಬಹುಪತ್ನಿತ್ವ ಸಭೆಯವರನ್ನೇ ಒಡೆದಿತ್ತು. ಅದನ್ನು ಬಯಲಿಗೆಳೆದ ಪತ್ರಿಕೆಯೊಂದರ ಮುದ್ರಣಯಂತ್ರವನ್ನು 1844ರ ಜೂನ್ 10ರಂದು ನಗರಸಭೆಯ ಆದೇಶದಂತೆ ಒಡೆದುಹಾಕಿದರು. ಅದೇ ತಿಂಗಳ 27ರಂದು ಹತ್ತಿರದ ಕಾರ್ತೇಜ್ ಜೈಲಿಗೆ ಗುಂಪು ನುಗ್ಗಿ ಜೋಸೆಫ್‌ನನ್ನೂ ಅವನ ಅಣ್ಣ ಹೈರಮ್‌ನನ್ನೂ ಕೊಂದಿತು. 1846ರ ಫೆಬ್ರವರಿ 4ರಿಂದ ಜನ ನದಿ ದಾಟಿ ಪಶ್ಚಿಮಕ್ಕೆ ಹೊರಟರು. ಉಳಿದವರನ್ನು ಸೆಪ್ಟೆಂಬರ್‌ನಲ್ಲಿ ಬಂದೂಕು ತೋರಿಸಿ ಹೊರಹಾಕಿದರು. ಅವರು ಕಟ್ಟಿ ಬಿಟ್ಟುಹೋದ ದೇವಾಲಯಕ್ಕೆ 1848ರಲ್ಲಿ ಯಾರೋ ಬೆಂಕಿ ಇಟ್ಟರು, ಉಳಿದ ಗೋಡೆಗಳನ್ನು 1850ರ ಸುಂಟರಗಾಳಿ ಹಾಳುಗೆಡವಿತು.

ಬರಿದಾದ ಊರಿಗೆ 1849ರಲ್ಲಿ ಫ್ರಾನ್ಸಿನ ಇಕೇರಿಯನ್ ಸಮಾಜವಾದಿಗಳು ಬಂದರು, ಜರ್ಮನ್ನರು ಬಂದು ದ್ರಾಕ್ಷಿ ಬೆಳೆದರು. ಹಳೆಯ ಊರು ಹೊಲಗದ್ದೆಯಾಯಿತು. 1954ರಲ್ಲಿ ಲೆರಾಯ್ ಕಿಂಬಲ್ ಎಂಬ ವೈದ್ಯರು ತಮ್ಮ ಮುತ್ತಜ್ಜನ ಇಟ್ಟಿಗೆ ಮನೆಯನ್ನು ಕೊಂಡು ದುರಸ್ತಿ ಮಾಡಿಸಿದರು. ನೋಡಲು ಬರುವವರ ಸಾಲು ನಿಲ್ಲಲಿಲ್ಲ. 1961ರಲ್ಲಿ ಊರಿನ ಹಳೆಯ ಭಾಗ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು, 1962ರಲ್ಲಿ ಸಭೆ ಜೀರ್ಣೋದ್ಧಾರಕ್ಕೆಂದೇ ಒಂದು ಸಂಸ್ಥೆ ಹುಟ್ಟುಹಾಕಿತು. ಹಳೆಯ ಅಡಿಪಾಯದ ಜಾಗದಲ್ಲೇ ದೇವಾಲಯವನ್ನು ಮರಳಿ ಕಟ್ಟಿ 2002ರ ಜೂನ್ 27ರಂದು, ಅಂದರೆ ಜೋಸೆಫ್ ಸತ್ತ ದಿನದಂದೇ, ಪ್ರತಿಷ್ಠಾಪಿಸಿದರು.

ದಿನವಿಡೀ ಏನು ಕೆಲಸ ಇರುತ್ತೆ?

ಋತುವಿನ ಮೇಲೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಪಾತಿ ಅಗೆದು ಗೊಬ್ಬರ ಸೇರಿಸುವುದು, ಚಳಿಗಾಲದಲ್ಲಿ ಮುರಿದುಬಿದ್ದ ರೆಂಬೆ ಆಯುವುದು. ಅಲ್ಲಿ ಮೇ ಮೊದಲ ವಾರದವರೆಗೂ ರಾತ್ರಿ ಹೆಪ್ಪುಗಟ್ಟುವ ಚಳಿ ಹೊಡೆಯಬಹುದು. ಅವಸರಪಟ್ಟು ನೆಟ್ಟ ಸಸಿ ಬೆಳಗಾಗುವುದರೊಳಗೆ ಕರಿಬೇವು ಎಣ್ಣೆಗೆ ಬಿದ್ದ ಹಾಗೆ ಮುದುಡಿರುತ್ತದೆ. ಹಾಗಾಗಿ ಪೆಟೂನಿಯ, ಜೆರೇನಿಯಂ, ಚೆಂಡುಹೂವಿನಂಥ ಒಂದು ಋತುವಿನ ಹೂಗಿಡಗಳು ನೆಲಕ್ಕಿಳಿಯುವುದು ಮೇ ನಡುವಿನ ಹೊತ್ತಿಗೆ. ಆ ವಾರಗಳಲ್ಲಿ ಊರಿನಲ್ಲಿ ಬಗ್ಗಿದ ಬೆನ್ನುಗಳೇ ಕಾಣುತ್ತವೆ.

ಜೂನ್‌ನಿಂದ ಆಗಸ್ಟ್‌ವರೆಗೆ ನೀರು, ಕಳೆ, ಹುಲ್ಲು, ಮತ್ತೆ ನೀರು. ಬಿಸಿಲಿನ ಜೊತೆ ನದಿಯ ಸೆಕೆ ಸೇರಿ ಮಂಗಳೂರಿನ ಮೇ ತಿಂಗಳನ್ನು ನೆನಪಿಸುತ್ತದೆ. ಆದ್ದರಿಂದ ಕೆಲಸ ಶುರುವಾಗುವುದೇ ಬೆಳಿಗ್ಗೆ ಬೇಗ.

ಹತ್ತಿರ ನಿಂತು ನೋಡಿದರೆ ಕೆಲಸದ ಸೂಕ್ಷ್ಮ ಗೊತ್ತಾಗುತ್ತದೆ. ಪೆಟೂನಿಯದ ಬಾಡಿದ ಹೂವನ್ನು ಸುಮ್ಮನೆ ಎಳೆದರೆ ಎಸಳಷ್ಟೇ ಕೈಗೆ ಬರುತ್ತದೆ, ಕೆಳಗಿನ ಕಾಯಿ ಗಿಡದಲ್ಲೇ ಉಳಿಯುತ್ತದೆ. ಕಾಯಿ ಉಳಿದರೆ ಗಿಡದ ಕಸುವೆಲ್ಲ ಬೀಜಕ್ಕೆ, ಹೊಸ ಹೂ ಕಡಿಮೆ. ತೊಟ್ಟಿನ ಬುಡಕ್ಕೆ ಹೆಬ್ಬೆರಳ ಉಗುರು ಊರಿ ಚಿವುಟಬೇಕು. ಪೆಟೂನಿಯಕ್ಕೆ ಅಂಟು ಬೇರೆ; ಒಂದು ಪಾತಿ ಮುಗಿಯುವಷ್ಟರಲ್ಲಿ ಬೆರಳುಗಳು ಹಲಸಿನ ಹಣ್ಣು ಬಿಡಿಸಿದ ಹಾಗೆ. ಒಬ್ಬ ಅಜ್ಜಿ ಮಂಡಿಗೆ ಸ್ಪಂಜಿನ ಮಣೆ ಹಾಕಿಕೊಂಡು, ಪಕ್ಕದಲ್ಲಿ ಬಕೆಟ್ ಇಟ್ಟು, ಮಾತಾಡುತ್ತಲೇ ಇದನ್ನು ಮಾಡುತ್ತಿರುತ್ತಾರೆ. ಬಕೆಟ್ ತುಂಬಿದರೂ ಪಾತಿ ಮುಗಿದಿರುವುದಿಲ್ಲ.

ಅಕ್ಟೋಬರ್‌ನಲ್ಲಿ ಸತ್ತ ಗಿಡ ಕಿತ್ತು, ಎಲೆ ಗುಡಿಸಿ, ವಸಂತಕ್ಕೆ ಬೇಕಾದ ಟ್ಯುಲಿಪ್ ಗೆಡ್ಡೆ ಹೂಳುವುದು. ಚಳಿಗಾಲದಲ್ಲಿ ಕಾಲುದಾರಿಯ ಹಿಮ ತೆಗೆಯುವುದು, ಯಂತ್ರಗಳ ಬ್ಲೇಡು ಹರಿತ ಮಾಡುವುದು.

ಗಂಡ-ಹೆಂಡತಿ ಇಬ್ಬರದೂ ಒಂದೇ ಕೆಲಸವಾ?

ಹಾಗೇನಿಲ್ಲ. ಗಂಡಸರು ಹುಲ್ಲು ಕತ್ತರಿಸುವ ಗಾಡಿಯ ಮೇಲೆ, ಹೆಂಗಸರು ಪಾತಿಯಲ್ಲಿ ಎಂಬ ಹಂಚಿಕೆ ಹೆಚ್ಚಾಗಿ ಕಾಣುತ್ತದೆ, ಆದರೆ ನಿಯಮವಲ್ಲ. ಹುಟ್ಟಾ ರೈತಾಪಿ ಹೆಂಗಸರು ಟ್ರ್ಯಾಕ್ಟರ್ ಹತ್ತಿದರೆ ಇಳಿಯುವುದೇ ಇಲ್ಲ. ಮರ ಏರುವುದು, ಗರಗಸದ ಕೆಲಸದಂಥ ಅಪಾಯದ್ದಕ್ಕೆಲ್ಲ ಸಂಬಳದ ನೌಕರರಿರುತ್ತಾರೆ. ಕೆಲಸ ಹಂಚುವುದೂ ಅವರೇ. ಮೂವತ್ತು ವರ್ಷ ಕಂಪನಿ ನಡೆಸಿದ ಎಪ್ಪತ್ತರ ಮನುಷ್ಯ ಮೂವತ್ತರ ಮೇಲ್ವಿಚಾರಕನ ಮಾತು ಕೇಳಿಕೊಂಡು ಕಳೆ ಕೀಳಬೇಕಾಗುತ್ತದೆ. ನನ್ನ ಲೆಕ್ಕದಲ್ಲಿ ಈ ಸೇವೆಯ ಕಷ್ಟದ ಭಾಗ ಮಂಡಿನೋವಲ್ಲ, ಇದು.

ಸಂಬಳ ಎಷ್ಟು?

ಇಲ್ಲ. ಸಂಬಳ ಇಲ್ಲದಿರುವುದಷ್ಟೇ ಅಲ್ಲ, ತಮ್ಮ ಖರ್ಚನ್ನೂ ಅವರೇ ನೋಡಿಕೊಳ್ಳಬೇಕು: ಮನೆ ಬಾಡಿಗೆ, ಊಟ, ಕಾರು, ಪೆಟ್ರೋಲು, ಆರೋಗ್ಯ ವಿಮೆ. ಪಿಂಚಣಿ, ಉಳಿತಾಯದಿಂದ ಅದು ನಡೆಯುತ್ತದೆ. ಕೆಲವೊಮ್ಮೆ ಮಕ್ಕಳು ಕೈ ಜೋಡಿಸುತ್ತಾರೆ. ಈ ಹೊರೆಗೆ ಹೆದರಿ ಹಿರಿಯರು ಮುಂದೆ ಬರುತ್ತಿಲ್ಲ ಎಂದು ಸಭೆ 2011ರಲ್ಲಿ ವಸತಿ ಖರ್ಚಿಗೊಂದು ಮಿತಿ ಹಾಕಿ, ಅದನ್ನು ಮೀರಿದ್ದನ್ನು ತಾನೇ ಭರಿಸುವ ವ್ಯವಸ್ಥೆ ತಂದಿತು. ಉಳಿತಾಯವಿಲ್ಲದ ಹಿರಿಯರಿಗೆ ಇಂಥ ಸೇವೆ ಎಟಕುವುದು ಕಷ್ಟ. ‘ಯಾರು ಬೇಕಾದರೂ ಬರಬಹುದು’ ಎಂಬ ಮಾತನ್ನು ಅಷ್ಟರಮಟ್ಟಿಗೆ ಅನುಮಾನದಿಂದಲೇ ಕೇಳಬೇಕು.

“ಈ ವಯಸ್ಸಲ್ಲಿ ಯಾಕಪ್ಪಾ ಇವರಿಗೆ ಈ ಕೆಲಸ? ಮಕ್ಕಳು ನೋಡ್ಕೊಳ್ಳಲ್ವಾ?”

ಊರಿಂದ ಬಂದ ಅಮ್ಮಂದಿರ ಖಾಯಂ ಪ್ರಶ್ನೆ. ಮಕ್ಕಳು ಬಿಟ್ಟಿದ್ದಾರೆ ಎಂದು ಯಾರೂ ಇಲ್ಲಿಗೆ ಬರುವುದಿಲ್ಲ. ಎಷ್ಟೋ ಸಲ ಮಕ್ಕಳೇ ‘ಬೇಡ, ಇರಿ’ ಅಂದಿರುತ್ತಾರೆ, ಯಾಕೆಂದರೆ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಕೈಗಳು ಹೊರಟುಹೋಗುತ್ತವಲ್ಲ. ಇವರಲ್ಲಿ ಹಲವರ ಮುತ್ತಜ್ಜಿ, ಮುತ್ತಜ್ಜಂದಿರು 1846ರಲ್ಲಿ ಇದೇ ಬೀದಿಯಿಂದ ಗಾಡಿ ಕಟ್ಟಿಕೊಂಡು ಹೊರಟವರು. ಪಾರ್ಲಿ ಸ್ಟ್ರೀಟ್ ಎಂಬ ಆ ದಾರಿ ನೇರ ನದಿಗೆ ಇಳಿಯುತ್ತದೆ. ತಮ್ಮ ಮನೆತನ ಬಿಟ್ಟುಹೋದ ನೆಲಕ್ಕೆ ಐದಾರು ತಲೆಮಾರಿನ ನಂತರ ಬಂದು ಕಳೆ ಕೀಳುವುದು ಅವರಿಗೆ ಪಿತೃಕಾರ್ಯಕ್ಕೆ ಕಮ್ಮಿಯೇನಲ್ಲ.

ಎಲ್ಲರಿಗೂ ಇಷ್ಟು ದೊಡ್ಡ ಕಾರಣ ಇರಬೇಕೆಂದಿಲ್ಲ ಅನ್ನಿ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಟಿವಿ ಮುಂದೆ ಕೂರುವುದಕ್ಕಿಂತ ಇದು ಮೇಲು ಎಂದು ಬಂದವರೂ ಇರುತ್ತಾರೆ. ಇಬ್ಬರೇ ಕೂತು ಊಟ ಮಾಡುವುದು ಬೇಸರವಾದವರಿಗೆ ಇಲ್ಲಿ ಅದೇ ವಯಸ್ಸಿನ ನೆರೆಹೊರೆ ಸಿಗುತ್ತದೆ.

ಎಷ್ಟು ದಿನದ ಸೇವೆ? ಆಯ್ಕೆ ಹೇಗೆ?

ಹಿರಿಯ ದಂಪತಿಗಳಿಗೆ 6, 12, 18 ಅಥವಾ 23 ತಿಂಗಳ ಅವಧಿಗಳಿವೆ. ಸದಸ್ಯರಾಗಿರಬೇಕು, ಸ್ಥಳೀಯ ಸಭೆಯ ಬಿಷಪ್ ಶಿಫಾರಸು ಬೇಕು, ವೈದ್ಯರ ತಪಾಸಣೆ ಆಗಬೇಕು. ಮನೆಯಲ್ಲಿ ಚಿಕ್ಕ ಮಕ್ಕಳ ಹೊಣೆ ಇರಬಾರದು. ಯಾವ ಬಗೆಯ ಕೆಲಸ, ಎಲ್ಲಿ ಎಂದು ಹಿರಿಯರು ತಮ್ಮ ಇಷ್ಟ ತಿಳಿಸಬಹುದು. ಯುವ ಮಿಷನರಿಗಳಿಗೆ ಆ ಅವಕಾಶವಿಲ್ಲ. ಕೊನೆಯ ಕರೆ ಬರುವುದು ಸಾಲ್ಟ್ ಲೇಕ್ ಸಿಟಿಯ ಕೇಂದ್ರದಿಂದ. ಗಿಡದ ಬಗ್ಗೆ ಮೊದಲೇ ಗೊತ್ತಿರಬೇಕೆಂದಿಲ್ಲ. ಐಡಹೊ, ಯೂಟಾ ಕಡೆಯ ರೈತರ ಪಕ್ಕದಲ್ಲೇ ಲೆಕ್ಕಪರಿಶೋಧಕರು, ಮೇಷ್ಟ್ರುಗಳು ಗುದ್ದಲಿ ಹಿಡಿಯುತ್ತಾರೆ.

ಈ ಹುಲ್ಲು, ಹೂದೋಟ ಎಲ್ಲ 1840ರ ಕಾಲದಲ್ಲೂ ಹೀಗೇ ಇತ್ತಾ?

ಇಲ್ಲ. ಐತಿಹಾಸಿಕ ನೌವೂನಲ್ಲಿ ಅತಿ ಕಡಿಮೆ ಐತಿಹಾಸಿಕವಾದದ್ದು ಈ ಹುಲ್ಲುಹಾಸೇ.

ಆಗಿನ ಊರಿನ ನಕ್ಷೆ ಹೀಗಿತ್ತು: ಬೀದಿಗಳ ನಡುವಿನ ಒಂದೊಂದು ಚೌಕ ನಾಲ್ಕು ಎಕರೆ, ಅದರಲ್ಲಿ ನಾಲ್ಕು ನಿವೇಶನ, ಒಂದೊಂದು ಮನೆಗೆ ಒಂದು ಎಕರೆ. ಮನೆ ಬೀದಿಗೆ ಹತ್ತಿರ, ಹಿಂದೆ ತರಕಾರಿ, ಹಣ್ಣಿನ ಮರ, ಹಸು, ಕೋಳಿ, ಹಂದಿ. ಮೆಕ್ಕೆಜೋಳ, ಆಲೂಗಡ್ಡೆ, ಹುರುಳಿಕಾಯಿ, ಕುಂಬಳ, ಎಲೆಕೋಸು, ಸೇಬು. ಸಾವಿರಾರು ವಲಸಿಗರು, ಅದರಲ್ಲೂ ಇಂಗ್ಲೆಂಡಿನ ಗಿರಣಿ ಊರುಗಳಿಂದ ಕೈಬೀಸಿಕೊಂಡು ಬಂದವರು, ಹೊಟ್ಟೆ ಹೊರೆದದ್ದು ಈ ಹಿತ್ತಲಿನಿಂದ. ನೆಲ ಪೂರ್ತಿ ಕೆಲಸದ ನೆಲ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಇಂಗ್ಲೆಂಡಿನಲ್ಲಿ ಎಡ್ವಿನ್ ಬಡ್ಡಿಂಗ್ ಪೇಟೆಂಟ್ ಪಡೆದದ್ದೇ 1830ರಲ್ಲಿ. ಅದು ನೌವೂನಂಥ ಗಡಿನಾಡಿನ ಊರಿನ ಬಡಗಿಯ ಅಂಗಳಕ್ಕೆ ಬರುವುದು ದೂರದ ಮಾತು. ಈಗ ಕಾಣುವ ಕಾರ್ಪೆಟ್ಟಿನಂಥ ಹಸಿರನ್ನು ಆಗಿನವರು ನೋಡಿದ್ದರೆ ‘ಇಷ್ಟು ಒಳ್ಳೆ ಮಣ್ಣಲ್ಲಿ ಏನೂ ಬಿತ್ತಿಲ್ಲವಲ್ಲ’ ಅಂತ ಬೈಯುತ್ತಿದ್ದರು.

ಹಾಗಾದರೆ ಹುಲ್ಲು ಯಾಕೆ? ಮರದ ದಿಮ್ಮಿಯ, ಹಲಗೆಯ ಮನೆಗಳು ಬಹುಪಾಲು ಅಳಿದುಹೋಗಿವೆ. ಉಳಿದದ್ದು, ಮರಳಿ ಕಟ್ಟಿದ್ದು ಕೆಲವು ಡಜನ್ ಮಾತ್ರ, ಒಂದರಿಂದೊಂದು ದೂರ. ನಡುವಿನ ಖಾಲಿ ಎಕರೆಗಳನ್ನೆಲ್ಲ ತರಕಾರಿ ಹಿತ್ತಲು ಮಾಡಿದರೆ ನೋಡಿಕೊಳ್ಳಲು ಇನ್ನಷ್ಟು ಪಟ್ಟು ಜನ ಬೇಕು. ಹುಲ್ಲು ಅಗ್ಗ, ಅಚ್ಚುಕಟ್ಟು, ಬಸ್ಸಿನಲ್ಲಿ ಬಂದವರು ಕಾಲಾಡಿಸಲು ಅನುಕೂಲ. ಕಾರಣ ಸರಿಯಾದದ್ದೇ, ಆದರೆ ಅದರಿಂದಾಗಿ ಕಿಕ್ಕಿರಿದ, ಕೆಸರಿನ, ಹಂದಿ ಕೋಳಿಗಳ ಊರೊಂದು ಉದ್ಯಾನವನದ ಹಾಗೆ ಕಾಣುತ್ತದೆ. ಕೆಲವು ಮನೆಗಳ ಹಿಂದೆ ಅಡುಗೆತೋಟದ ಪಾತಿಗಳಿವೆ. ಹೋದವರು ಅದನ್ನು ತಪ್ಪದೆ ನೋಡಿ, ಹಳೆಯ ಊರು ಅಲ್ಲಿ ಹೆಚ್ಚು ಕಾಣುತ್ತದೆ.

ಹೂದೋಟಗಳಲ್ಲಿ ದೊಡ್ಡದು ವಿಸಿಟರ್ಸ್ ಸೆಂಟರ್ ಹಿಂದಿನ ಮಹಿಳಾ ಸ್ಮಾರಕದ ತೋಟ. 1978ರಲ್ಲಿ ಶುರುವಾದದ್ದು. ಕಂಚಿನ ಪ್ರತಿಮೆಗಳ ಸುತ್ತ ಪಾತಿಗಳು: ತಾಯಿ ಮಗುವಿನ ಜೊತೆ, ಹುಡುಗಿ ಓದುತ್ತ, ಮುದುಕಿ ಹೊಲಿಯುತ್ತ. ಇದೂ ಹಳೆಯದಲ್ಲ, ಆದರೆ ಹಳೆಯದೆಂದು ನಟಿಸುವುದೂ ಇಲ್ಲ. ನನಗೆ ಆ ಪ್ರಾಮಾಣಿಕತೆ ಇಷ್ಟ.

ಎಲ್ಲ ಜಾಗವೂ ಒಂದೇ ಸಭೆಯದ್ದಾ?

ಈಗ ಬಹುಮಟ್ಟಿಗೆ ಹೌದು, ಮೊದಲು ಅಲ್ಲ. ಜೋಸೆಫ್‌ನ ಹೆಂಡತಿ ಎಮ್ಮಾ ಪಶ್ಚಿಮಕ್ಕೆ ಹೋಗದೆ ನೌವೂನಲ್ಲೇ ಉಳಿದರು. ಮಗ ಮೂರನೆಯ ಜೋಸೆಫ್ ಸ್ಮಿತ್ 1860ರಲ್ಲಿ ಇನ್ನೊಂದು ಸಭೆಯ ಮುಂದಾಳಾದ. ಅದರ ಇಂದಿನ ಹೆಸರು ಕಮ್ಯುನಿಟಿ ಆಫ್ ಕ್ರೈಸ್ಟ್. ಸ್ಮಿತ್ ಕುಟುಂಬದ ಮನೆಗಳು, ಕೆಂಪು ಇಟ್ಟಿಗೆಯ ಅಂಗಡಿ, ನದಿಯ ಪಕ್ಕದ ಸಮಾಧಿ ಎಲ್ಲ ಅವರ ಕೈಯಲ್ಲಿತ್ತು. ಬೀದಿಯ ಈಚೆ ಒಬ್ಬರ ಹುಲ್ಲು, ಆಚೆ ಇನ್ನೊಬ್ಬರದು. 2024ರ ಮಾರ್ಚ್ 5ರಂದು ಇವೂ, ಒಹಾಯೊದ ಕರ್ಟ್ಲೆಂಡ್ ದೇವಾಲಯವೂ ಸೇರಿ ಸುಮಾರು 19.25 ಕೋಟಿ ಡಾಲರಿಗೆ ಲ್ಯಾಟರ್-ಡೇ ಸೇಂಟ್ಸ್ ಸಭೆಯ ಕೈ ಸೇರಿದವು. ಅಣ್ಣತಮ್ಮಂದಿರ ಮನೆ ಹಿಸೆಯಾಗಿ ಮತ್ತೆ ಕೂಡಿದ ಹಾಗೆ ಎಂದು ಹೇಳಲು ಮನಸ್ಸಾಗುತ್ತದೆ. ಆದರೆ ಇದು ಕೂಡಿದ್ದಲ್ಲ, ಕೊಂಡದ್ದು. ಕಮ್ಯುನಿಟಿ ಆಫ್ ಕ್ರೈಸ್ಟ್‌ನ ಎಷ್ಟೋ ಜನರಿಗೆ ಆ ದಿನ ನೋವಾಯಿತು.

ನದಿಯಿಂದ ತೊಂದರೆ ಇಲ್ಲವಾ?

ಇದೆ. 1913ರಲ್ಲಿ ಕೆಳಗಿನ ಕಿಯೋಕಕ್‌ನಲ್ಲಿ ಅಣೆಕಟ್ಟು ಕಟ್ಟಿದಾಗ ನೀರು ಮೇಲೆದ್ದು ಹಳೆಯ ನೌವೂನ ನದಿಯಂಚು ಮುಳುಗಿತು. ಈಗ ಅಗಲವಾಗಿ, ಕೆರೆಯ ಹಾಗೆ ಶಾಂತವಾಗಿ ಕಾಣುವ ನದಿ ಆ ಅಣೆಕಟ್ಟಿನ ಹಿನ್ನೀರು. ತಗ್ಗಿನ ಮಣ್ಣು ಮಳೆ ಬಿದ್ದರೆ ಬೇಗ ಒಣಗುವುದಿಲ್ಲ, ಭಾರದ ಯಂತ್ರ ಇಳಿಸಿದರೆ ಗಾಲಿಯ ಗುರುತು ಬೀಳುತ್ತದೆ. ಜೊತೆಗೆ ಸೊಳ್ಳೆ, ಉಣುಗು, ಮುಟ್ಟಿದರೆ ಬೊಬ್ಬೆ ಏಳಿಸುವ ಪಾಯ್ಸನ್ ಐವಿ ಬಳ್ಳಿ. ಮೂರೆಲೆಯ ಬಳ್ಳಿ ಕಂಡರೆ ಕೈ ಹಾಕಬೇಡಿ. ಇದು ಮಿಷನರಿಗಳಿಗೂ, ಮಕ್ಕಳನ್ನು ಕರೆದೊಯ್ಯುವವರಿಗೂ ಒಂದೇ ಮಾತು.

ಬೇರೆ ಊರುಗಳಲ್ಲೂ ಇಂಥ ಸೇವೆ ಇದೆಯಾ?

ಇದೆ. ಸಾಲ್ಟ್ ಲೇಕ್ ಸಿಟಿಯ ಕೇಂದ್ರದ ಹೂಪಾತಿಗಳು ಹೆಸರುವಾಸಿ; ವರ್ಷಕ್ಕೆರಡು ಸಲ ಕಿತ್ತು ಹೊಸದಾಗಿ ನೆಡುತ್ತಾರೆ. ನನಗೆ ಹೆಚ್ಚು ಕುತೂಹಲ ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಹತ್ತಿರದ ‘ಸೇಕ್ರೆಡ್ ಗ್ರೋವ್’ ಕಾಡಿನ ಬಗ್ಗೆ. 1820ರಲ್ಲಿ ಹದಿಹರೆಯದ ಜೋಸೆಫ್‌ಗೆ ದೈವದರ್ಶನವಾಯಿತೆಂದು ಸಭೆ ನಂಬುವ ಜಾಗ ಅದು. ಆ ಕಾಲದ ಕೆಲವು ಮರಗಳು ಇನ್ನೂ ನಿಂತಿವೆ. ಒಂದು ಕಾಲದಲ್ಲಿ ಅದನ್ನು ಪಾರ್ಕಿನ ಹಾಗೆ ಗುಡಿಸಿ, ಬಿದ್ದ ರೆಂಬೆ ಎತ್ತಿ ಚೊಕ್ಕಟ ಮಾಡುತ್ತಿದ್ದರು. ಭಕ್ತರ ಕಾಲ್ತುಳಿತಕ್ಕೆ ಮಣ್ಣು ಗಟ್ಟಿಯಾಗಿ, ಎಲೆಗೊಬ್ಬರವೂ ಇಲ್ಲದೆ ಕಾಡು ಸೊರಗಿತು. ಆಮೇಲೆ ರೀತಿ ಬದಲಿಸಿ, ಬಿದ್ದ ಮರ ಬಿದ್ದಲ್ಲೇ ಕೊಳೆಯಲು ಬಿಟ್ಟು, ಜನರನ್ನು ಕಾಲುದಾರಿಗೆ ಸೀಮಿತಗೊಳಿಸಿದರು. ಕಾಡು ಚೇತರಿಸಿತು. ನಮ್ಮ ಕೊಡಗಿನ ದೇವರಕಾಡು ಗೊತ್ತಿದ್ದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಗುಡಿಸುವುದೇ ಸೇವೆ ಅಂದುಕೊಂಡು ಬಂದ ಹಿರಿಯರಿಗೆ ಮಾತ್ರ ‘ಬಿಟ್ಟುಬಿಡಿ’ ಅನ್ನುವುದನ್ನು ಕಲಿಸಬೇಕಾಗುತ್ತದೆ.

ಮಾತಾಡಿಸಿದರೆ ಮತಕ್ಕೆ ಸೇರಿ ಅಂತ ಹಿಂದೆ ಬೀಳ್ತಾರಾ?

ಅವರು ಮಿಷನರಿಗಳು, ನಂಬಿಕೆಯ ಮಾತು ಬರುವುದು ಸಹಜ. ಮನೆಯೊಳಗೆ ವಿವರಣೆ ಕೊಡುವವರು ಕಥೆಯ ಕೊನೆಗೆ ತಮ್ಮ ವಿಶ್ವಾಸವನ್ನೂ ಒಂದೆರಡು ಮಾತಲ್ಲಿ ಹೇಳುತ್ತಾರೆ. ತೋಟದವರ ಹತ್ತಿರ ಮಾತು ಗಿಡ, ಮಳೆ, ಮೊಮ್ಮಕ್ಕಳ ಕಡೆಗೇ ಹೆಚ್ಚು ಹರಿಯುತ್ತದೆ. ಬೇಡವೆಂದರೆ ನಯವಾಗಿ ‘ಥ್ಯಾಂಕ್ಸ್’ ಅಂದು ಮುಂದೆ ಹೋದರಾಯಿತು. ಶೌಚಾಲಯ ಎಲ್ಲಿ, ಎತ್ತಿನ ಗಾಡಿ ಸವಾರಿ ಎಷ್ಟು ಹೊತ್ತಿಗೆ ಎಂದು ಕೇಳಲು ಅವರಷ್ಟು ಒಳ್ಳೆಯವರು ಸಿಗುವುದಿಲ್ಲ.

ಕರ್ನಾಟಕಕ್ಕೂ ಈ ಸಭೆಗೂ ಏನಾದರೂ ಸಂಬಂಧ?

ಬೆಂಗಳೂರಿನಲ್ಲಿ 1993ರಲ್ಲಿ ಅವರ ಮಿಷನ್ ಸ್ಥಾಪನೆಯಾಯಿತು. ಭಾರತದ ಮೊದಲ ದೇವಾಲಯ ಬೆಂಗಳೂರಿನಲ್ಲೇ ಎಂದು 2018ರ ಏಪ್ರಿಲ್‌ನಲ್ಲಿ ಘೋಷಿಸಿ, 2020ರ ಡಿಸೆಂಬರ್‌ನಲ್ಲಿ ಕೆಲಸ ಆರಂಭಿಸಿದರು. ಇವರ ದೇವಾಲಯಗಳಲ್ಲಿ ಒಳಗೆ ಹೋಗಲು ಸದಸ್ಯರಿಗಷ್ಟೇ ಅವಕಾಶ. ಹೊರಗಿನ ತೋಟಕ್ಕೆ ಸಾಮಾನ್ಯವಾಗಿ ಯಾರು ಬೇಕಾದರೂ ಬರಬಹುದು. ಹಾಗಾಗಿ ಹೊರಗಿನವರ ಪಾಲಿಗೆ ದೇವಾಲಯ ಅಂದರೆ ಅದರ ತೋಟವೇ, ಮತ್ತು ಅಂಗಳದ ಮೇಲೆ ಇವರಿಗೆ ಇಷ್ಟೊಂದು ನಿಗಾ ಇರುವುದಕ್ಕೆ ಇದೂ ಒಂದು ಕಾರಣ.

ಯಾವಾಗ ಹೋಗೋದು ಒಳ್ಳೆಯದು?

ಹೂವಿಗೆ ಜೂನ್ ನಡುವಿನಿಂದ ಸೆಪ್ಟೆಂಬರ್. ಜುಲೈನಲ್ಲಿ ರಾತ್ರಿ ಬಯಲು ನಾಟಕಗಳು ನಡೆಯುವುದರಿಂದ ಜನಜಂಗುಳಿ, ಕೋಣೆ ಸಿಗುವುದು ಕಷ್ಟ. ಸೆಪ್ಟೆಂಬರ್ ಮೊದಲ ವಾರದ ಲೇಬರ್ ಡೇ ರಜೆಯಲ್ಲಿ ಊರಿನವರ ದ್ರಾಕ್ಷಿ ಹಬ್ಬ. ಮದ್ಯ ಮುಟ್ಟದ ಸಭೆಯ ಪುಣ್ಯಕ್ಷೇತ್ರದಲ್ಲಿ ವೈನ್ ಹಬ್ಬ ನಡೆಯುವುದು ನೋಡುವ ಹಾಗಿರುತ್ತದೆ. ಮನೆಗಳಿಗೆ ಪ್ರವೇಶ ಉಚಿತ. ಭಾನುವಾರ ಬೆಳಿಗ್ಗೆ ಬಾಗಿಲು ತಡವಾಗಿ ತೆರೆಯುತ್ತದೆ. ತೋಟದಲ್ಲಿ ಅಂದು ಯಾರೂ ಇರುವುದಿಲ್ಲ, ಆದ್ದರಿಂದ ಗಿಡದ ಹೆಸರು ಕೇಳಬೇಕಿದ್ದರೆ ವಾರದ ದಿನ, ಬಿಸಿಲೇರುವ ಮುಂಚೆ ಹೋಗಿ. ಸಸ್ಯಾಹಾರಿಗಳು ಊಟ ಕಟ್ಟಿಕೊಂಡೇ ಹೊರಡುವುದು ಕ್ಷೇಮ. ಚಿತ್ರಾನ್ನ, ಮೊಸರನ್ನದ ಡಬ್ಬಿ ಬಿಚ್ಚಲು ನದಿದಡದಲ್ಲಿ ನೆರಳು ಬೇಕಾದಷ್ಟಿದೆ.